ಕಡಲಿಲ್ಲದ ಬಂದರು ಬಂಟ್ವಾಳ

ಮಂಗಳೂರಿನಿಂದ ಸುಮಾರು 25 ಕಿ.ಮೀ. ಒಳನಾಡಿನಲ್ಲಿರುವ ಬಂಟ್ವಾಳ ಪೇಟೆಗೆ ಅಲೆಗಳ ಸದ್ದು ಕೇಳಿಸುವುದಿಲ್ಲ. ಆದರೂ ಇದು ಒಂದು ಕಾಲದ ಬಂದರು. ಕಡಲಿನದಲ್ಲ, ನೇತ್ರಾವತಿಯದು.

ಕುದುರೆಮುಖದ ಕಡೆಯಿಂದ ಇಳಿದು ಬರುವ ನೇತ್ರಾವತಿ ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಮೈದುಂಬಿ ಇಲ್ಲಿಗೆ ಬರುತ್ತದೆ. ಘಟ್ಟದ ಮೇಲಿನಿಂದ ಕಾಫಿ ಮೊದಲಾದ ಸರಕು ಹೊತ್ತ ಎತ್ತಿನ ಗಾಡಿಗಳ ಪಯಣ ಬಂಟ್ವಾಳದ ದಡದಲ್ಲಿ ಮುಗಿಯುತ್ತಿತ್ತು. ಮುಂದಿನದು ದೋಣಿಯ ದಾರಿ. ಹತ್ತಾರು ಗಾಡಿ ಎಳೆಯುವ ಭಾರವನ್ನು ಹೊಳೆ ಸುಲಭವಾಗಿ ಹೊತ್ತು ಮಂಗಳೂರಿನ ಧಕ್ಕೆಗೆ ಮುಟ್ಟಿಸುತ್ತಿತ್ತು. ಹೊಳೆಯ ದಡದಲ್ಲಿ ವೆಂಕಟರಮಣ ದೇವಸ್ಥಾನದ ಸುತ್ತ ವರ್ತಕರ ಬೀದಿ ಬೆಳೆದದ್ದು ಹೀಗೆ.

ಘಟ್ಟದ ದಾರಿಗೂ ಕಡಲಿಗೂ ನಡುವಿನ ಈ ಪೇಟೆ ದಂಡಿನ ದಾರಿಯೂ ಹೌದು. ಅಮರ ಸುಳ್ಯದ ರೈತರ ಬಂಡಾಯದ ಪಡೆ 1837ರ ಏಪ್ರಿಲ್‌ನಲ್ಲಿ ಇದೇ ಹಾದಿಯಾಗಿ ಮಂಗಳೂರಿಗೆ ನುಗ್ಗಿತ್ತು.

ಬದುಕು ಕೊಟ್ಟ ಹೊಳೆಯೇ ಒಮ್ಮೆ ಎಲ್ಲವನ್ನೂ ಕಸಿಯಿತು. 1923ರ ಮಹಾ ನೆರೆಯಲ್ಲಿ ಪೇಟೆ ಮುಳುಗಿತು. ಮನೆ, ಮಳಿಗೆ, ದಾಸ್ತಾನು ಕೊಚ್ಚಿ ಹೋದವು. ತುಳುವರು ಅದನ್ನು 'ಮಾರಿಬೊಳ್ಳ' ಎಂದು ಕರೆದರು. 1974ರಲ್ಲಿ ಮತ್ತೊಮ್ಮೆ ದೊಡ್ಡ ನೆರೆ ಬಂತು.

ಆದರೆ ಬಂದರನ್ನು ಮುಳುಗಿಸಿದ್ದು ನೆರೆಯಲ್ಲ, ರಸ್ತೆ. 1907ರಲ್ಲಿ ಮಂಗಳೂರಿಗೆ ರೈಲು ಬಂತು. ಬಳಿಕ ಮೋಟಾರು ಬಸ್ಸು, ಲಾರಿಗಳು ಬಂದವು. ಪಾಣೆಮಂಗಳೂರಿನ ಸೇತುವೆ ಎರಡು ದಡಗಳನ್ನು ಬೆಸೆಯಿತು. ದೋಣಿಗಾಗಿ ಕಾಯುವ ಅಗತ್ಯ ಯಾರಿಗೂ ಉಳಿಯಲಿಲ್ಲ. ವ್ಯಾಪಾರ ಹೆದ್ದಾರಿಯನ್ನು ಹಿಂಬಾಲಿಸಿ ಬಿ.ಸಿ. ರೋಡಿಗೆ ಸರಿಯಿತು. ಬಂಟ್ವಾಳ ಕ್ರಾಸ್ ಎಂಬ ಕವಲುದಾರಿಯ ಹೆಸರೇ ಊರಾಯಿತು. ತಾಲೂಕಿನ ಕಚೇರಿಗಳೂ ಈಗ ಅಲ್ಲಿಯೇ ಇವೆ.

ಇಂದು ಬೆಳ್ತಂಗಡಿಗೋ ಮೂಡುಬಿದಿರೆಗೋ ಹೋಗುವವರು ಹಳೆಯ ಪೇಟೆಯನ್ನು ಬಸ್ಸಿನ ಕಿಟಕಿಯಿಂದ ಕಂಡರೆ ಹೆಚ್ಚು. ದೋಣಿ ಹೊರಟರೂ ಮಂಗಳೂರು ತಲುಪುವಂತಿಲ್ಲ. ಕೆಳಗೆ ತುಂಬೆಯಲ್ಲಿ ಕಿಂಡಿ ಅಣೆಕಟ್ಟು ಅಡ್ಡ ನಿಂತಿದೆ. ನಗರದ ಕುಡಿಯುವ ನೀರು ಅಲ್ಲಿಂದಲೇ ಹೋಗುತ್ತದೆ.

ಅಂದು ಮಂಗಳೂರಿಗೆ ಸರಕು ಕಳಿಸುತ್ತಿದ್ದ ಹೊಳೆ ಇಂದು ತನ್ನನ್ನೇ ಕಳಿಸುತ್ತಿದೆ. ಒಮ್ಮೆ ಬಸ್ಸಿಳಿದು ದಡದವರೆಗೆ ನಡೆದರೆ, ಈ ಬೀದಿ ಹೆದ್ದಾರಿಗೆ ಬೆನ್ನು ಮಾಡಿ ನೀರಿನತ್ತ ಏಕೆ ಮುಖ ಮಾಡಿದೆಯೆಂಬುದು ತಿಳಿಯುತ್ತದೆ.