ಸೆವಿಲ್‌ನಲ್ಲಿ ಕೊಲಂಬಸ್‌ನ ಪುಸ್ತಕ

ಸ್ಪೇನಿನ ಸೆವಿಲ್ ಕೆಥೆಡ್ರಲ್‌ನಲ್ಲಿ ಪ್ರವಾಸಿಗರು ಮುತ್ತಿಕೊಳ್ಳುವುದು ಕೊಲಂಬಸ್‌ನ ಗೋರಿಯನ್ನು. ನಾಲ್ಕು ರಾಜ್ಯಗಳ ಹೆಸರಿನಲ್ಲಿ ನಾಲ್ಕು ಪ್ರತಿಮೆಗಳು ಶವಪೆಟ್ಟಿಗೆಗೆ ಹೆಗಲು ಕೊಟ್ಟು ನಿಂತಿವೆ. ಒಳಗಿರುವ ಮೂಳೆ ಯಾರದೆಂಬ ತಕರಾರು ಬಹಳ ಕಾಲದ್ದು, ಅದು ಹಾಗಿರಲಿ. ನನ್ನನ್ನು ಈ ಊರಿಗೆ ಎಳೆದು ತಂದದ್ದು ಹೊರಗಿನ ಕಿತ್ತಳೆ ಮರಗಳ ಅಂಗಳ. ಹಿಂದೆ ಮಸೀದಿಯದಾಗಿದ್ದ ಆ ಅಂಗಳದ ಪಕ್ಕದಲ್ಲೇ ಕೊಲೊಂಬಿನಾ ಗ್ರಂಥಾಲಯವಿದೆ. ಕೊಲಂಬಸ್‌ನ ಮಗ ಹೆರ್ನಾಂಡೊ 15,000ದಷ್ಟು ಪುಸ್ತಕ ಕೂಡಿಹಾಕಿದವನು. ಎಲ್ಲಿ ಕೊಂಡೆ, ಎಷ್ಟು ಕೊಟ್ಟೆ ಎಂದು ಪುಸ್ತಕದಲ್ಲೇ ಬರೆದಿಡುತ್ತಿದ್ದ ಅಚ್ಚುಕಟ್ಟಿನ ಮನುಷ್ಯ. 1539ರಲ್ಲಿ ಅವನು ತೀರಿಕೊಂಡ ಮೇಲೆ ಬಹುಪಾಲು ಕಳೆದುಹೋದರೂ ಅಪ್ಪನ ಕೆಲವು ಪುಸ್ತಕಗಳು ಉಳಿದಿವೆ. ಅವುಗಳಲ್ಲೊಂದು ಮಾರ್ಕೊ ಪೋಲೊನ ಪ್ರವಾಸ ಕಥನ. 1480ರ ದಶಕದಲ್ಲಿ ಗೆರಾರ್ಡ್ ಲೇಯು ಎಂಬವನು ಲ್ಯಾಟಿನ್‌ನಲ್ಲಿ ಅಚ್ಚು ಹಾಕಿದ್ದು. ಅಂಚಿನಲ್ಲಿ ಮುನ್ನೂರಕ್ಕೂ ಹೆಚ್ಚು ಟಿಪ್ಪಣಿಗಳಿವೆ. ಎಲ್ಲವೂ ಕೊಲಂಬಸ್‌ನ ಕೈಬರಹವಲ್ಲವೆನ್ನುತ್ತಾರೆ. ಚಿನ್ನ, ಮುತ್ತು, ರತ್ನ, ಸಂಬಾರ ಪದಾರ್ಥಗಳ ಮಾತು ಬಂದಲ್ಲಿ ಓದುಗನ ಲೇಖನಿ ಸುಮ್ಮನಿದ್ದಿಲ್ಲ.

ಈ ಪುಸ್ತಕ ಓದಿಯೇ ಕೊಲಂಬಸ್ 1492ರಲ್ಲಿ ಹಡಗು ಹತ್ತಿದ ಎಂಬ ಕಥೆಯನ್ನು ನಾನು ನಂಬುವುದಿಲ್ಲ. ಜಾನ್ ಡೇ ಎಂಬ ಇಂಗ್ಲಿಷ್ ವ್ಯಾಪಾರಿ 1497–98ರ ಚಳಿಗಾಲದಲ್ಲಿ ಸ್ಪೇನಿನ 'ಮಹಾ ಅಡ್ಮಿರಲ್'ಗೆ ಬರೆದ ಪತ್ರ ಕಳೆದ ಶತಮಾನದ ಐವತ್ತರ ದಶಕದಲ್ಲಿ ಸಿಮಾಂಕಾಸ್ ಪತ್ರಾಗಾರದಲ್ಲಿ ಸಿಕ್ಕಿತು. ಪತ್ರ ಕೊಲಂಬಸ್‌ಗೇ ಬರೆದದ್ದೆಂದು ಹೆಚ್ಚಿನ ವಿದ್ವಾಂಸರ ಮತ. ಮಾರ್ಕೊ ಪೋಲೊನ ಪುಸ್ತಕ ಕಳಿಸುತ್ತಿದ್ದೇನೆ ಎಂದು ಅದರಲ್ಲಿದೆ. ಆ ಹೊತ್ತಿಗೆ ಎರಡು ಯಾನಗಳು ಮುಗಿದಿದ್ದವು, ಚೀನದ ಖಾನನ ಪಟ್ಟಣ ಮಾತ್ರ ಸಿಕ್ಕಿರಲಿಲ್ಲ. 1494ರಲ್ಲಿ ಕ್ಯೂಬಾ ದ್ವೀಪವಲ್ಲ, ಏಷ್ಯಾದ ಭೂಭಾಗವೇ ಎಂದು ನಾವಿಕರಿಂದ ಪ್ರಮಾಣ ಮಾಡಿಸಿಕೊಂಡವನಿಗೆ ಪೋಲೊ ಬೇಕಾದದ್ದು ದಾರಿ ಕೇಳಲಿಕ್ಕಲ್ಲ, ಸಾಕ್ಷಿ ಹೇಳಿಸಲಿಕ್ಕೆ.

ಹಾಗಾದರೆ 1492ರ ದಿನಚರಿಯಲ್ಲೇ ಖಾನನ ಹೆಸರು, ಜಪಾನಿನ ಸಿಪಾಂಗೊ ಹೆಸರು ಬಂದದ್ದು ಹೇಗೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಇಟಲಿಯ ತೊಸ್ಕನೆಲ್ಲಿ ಎಂಬ ವಿದ್ವಾಂಸ 1474ರಲ್ಲೇ ಬರೆದ ಪತ್ರದಲ್ಲಿ ಈ ಹೆಸರುಗಳಿವೆ. ಅದರ ನಕಲು ಇದೇ ಗ್ರಂಥಾಲಯದಲ್ಲಿ ಕೊಲಂಬಸ್‌ನ ಮತ್ತೊಂದು ಪುಸ್ತಕದ ಖಾಲಿ ಹಾಳೆಗಳಲ್ಲಿದೆ. ಹೆಸರು ಕೇಳಿರಲು ಇಡೀ ಪುಸ್ತಕ ಓದಬೇಕಿಲ್ಲ. ಡೇ ಕಳಿಸಿದ್ದು ಎರಡನೆಯ ಪ್ರತಿಯಾಗಿದ್ದು, ಈ ಪ್ರತಿ ಮೊದಲೇ ಬಂದಿರಬಾರದೇಕೆ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಬಂದಿರಬಹುದು, ತಳ್ಳಿಹಾಕಲಾರೆ. ಆದರೆ ಹಾಗೆನ್ನುವವರ ಕೈಯಲ್ಲಿರುವುದು ಊಹೆ, ಇತ್ತ ಒಂದು ಕಾಗದವಾದರೂ ಇದೆ. ಪೋಲೊನ ಪುಸ್ತಕವೇ ಕೊಲಂಬಸ್‌ನನ್ನು ಅಮೆರಿಕಕ್ಕೆ ಕಳಿಸಿತು ಎಂಬ ಮಾತನ್ನು ಪ್ರವಾಸಿ ಕೈಪಿಡಿಗಳು ಇನ್ನಾದರೂ ಕೈಬಿಡಲಿ.