ಮುಂದೆ ಓಡಿದರೂ ಅಲ್ಲೇ

ತೊಂಬತ್ತರ ದಶಕದ ಬೇಸಿಗೆ ರಜೆ. ಟಿ.ವಿ.ಗೆ ಸಿಕ್ಕಿಸಿದ ವಿಡಿಯೋ ಗೇಮ್ ಪೆಟ್ಟಿಗೆ, ಅದರ ನೆತ್ತಿಯಲ್ಲೊಂದು ಹಳದಿ ಕಾರ್ಟ್ರಿಜ್. ಅದರ ಮೇಲೆ ಅಚ್ಚಾಗಿದ್ದುದು ‘9999 ಇನ್ 1’. ಒಳಗಿದ್ದ ಆಟಗಳು ಬೆರಳೆಣಿಕೆಯಷ್ಟು. ಪಟ್ಟಿಯಲ್ಲಿ ಕೆಳಗಿಳಿದಂತೆಲ್ಲ ಅವೇ ಆಟಗಳು ಬೇರೆ ಹೆಸರು ಹೊತ್ತು ಮತ್ತೆ ಮತ್ತೆ ಬರುತ್ತಿದ್ದವು. ಆಟಕ್ಕಿಂತ ಮೊದಲೇ ಸುತ್ತು ಶುರು.

ಅಂಥದೊಂದು ಮನೆಯಲ್ಲಿ ಅಣ್ಣ ಮಾರಿಯೋನನ್ನು 4-4ರ, ಅಂದರೆ ನಾಲ್ಕನೆಯ ಲೋಕದ ನಾಲ್ಕನೆಯ ಹಂತದ, ಕೋಟೆಯೊಳಗೆ ಓಡಿಸುತ್ತಿದ್ದ. ಮೇಲೊಂದು ದಾರಿ, ಕೆಳಗೊಂದು ದಾರಿ. ಓಡಿದ, ಜಿಗಿದ, ಮತ್ತೆ ಓಡಿದ. ಕೋಟೆ ಮುಗಿಯಲೊಲ್ಲದು. ತನ್ನ ಸರದಿಗೆ ಕಾದು ಕೂತಿದ್ದ ತಮ್ಮನೇ ಕೊನೆಗೆ ಬಾಯಿಬಿಟ್ಟ: “ಅಣ್ಣಾ, ಈ ಜಾಗ ಆಗ್ಲೇ ಬಂದಿತ್ತಲ್ವಾ?” ಅಣ್ಣನಿಗೆ ಹೊಳೆಯುವಷ್ಟರಲ್ಲಿ ಮೂಲೆಯ ಗಡಿಯಾರ ಸೊನ್ನೆಗಿಳಿದು ಮಾರಿಯೋ ಸತ್ತ. ತಮ್ಮನಿಗೆ ಬೇಕಾಗಿದ್ದೂ ಅದೇ.

ನಿಂಟೆಂಡೊ ಕಂಪನಿ 1985ರಲ್ಲಿ ತಂದ ‘ಸೂಪರ್ ಮಾರಿಯೋ ಬ್ರದರ್ಸ್’ ಇಡಿಯಾಗಿ 40 ಕಿಲೋಬೈಟ್. ಇವತ್ತು ಬೆಳಗಾದರೆ ಮೊಬೈಲಿಗೆ ಬಂದು ಬೀಳುವ ‘ಶುಭೋದಯ’ದ ಚಿತ್ರಕ್ಕೂ ಅಷ್ಟು ಜಾಗ ಸಾಲದು. ಶಿಗೆರು ಮಿಯಾಮೊಟೊ ಅವರ ತಂಡ ಇದ್ದುದರಲ್ಲೇ ಸಂಸಾರ ತೂಗಿಸಿತು. ಆಕಾಶದ ಮೋಡಕ್ಕೂ ನೆಲದ ಪೊದೆಗೂ ಒಂದೇ ಚಿತ್ರ. ಬಣ್ಣ ಮಾತ್ರ ಬೇರೆ. ಕೋಟೆಯಲ್ಲೂ ಅದೇ ಜಾಣತನ. ಈ ಆಟದಲ್ಲಿ ಪರದೆ ಬಲಕ್ಕೆ ಮಾತ್ರ ಸರಿಯುತ್ತದೆ, ಬಿಟ್ಟುಬಂದ ದಾರಿಗೆ ಮರಳುವಂತಿಲ್ಲ. ಹಾಗಾಗಿ ತಪ್ಪು ದಾರಿ ಹಿಡಿದವನನ್ನು ಹಿಂದಕ್ಕೆಳೆಯುವ ಗೊಡವೆಯೇ ಇಲ್ಲ. ದಾಟಿದ ತುಣುಕನ್ನೇ ತಂದು ಮುಂದೆ ಹಾಸಿದರಾಯಿತು. ಗಾಣದೆತ್ತಿಗಾದರೆ ಕಣ್ಣಿಗೆ ಬಟ್ಟೆ ಕಟ್ಟುತ್ತಾರೆ. ಇಲ್ಲಿ ಕಣ್ಣು ಬಿಟ್ಟುಕೊಂಡೇ ಸುತ್ತು.

ಯಾರೂ ಬಯಸದೆ ಹುಟ್ಟಿದ ಸುತ್ತೂ ಅದೇ ಆಟದಲ್ಲಿದೆ. 1-2ರ ಕೊನೆಯ ಗೋಡೆಯೊಳಗೆ ಉಪಾಯದಿಂದ ನುಸುಳಿ ಅಲ್ಲಿನ ಕೊಳವೆಗಿಳಿದರೆ ‘-1’ ಎಂಬ ನೀರಿನ ಲೋಕ. ಲೆಕ್ಕಕ್ಕೆ ಅದು 36-1. 36ನೆಯ ಅಕ್ಷರದ ಜಾಗ ಖಾಲಿಯಾದ್ದರಿಂದ ಗೆರೆಯಷ್ಟೇ ಕಾಣುತ್ತದೆ. ಈಜಿ ಈಜಿ ತುದಿಯ ಕೊಳವೆ ಹೊಕ್ಕರೆ ಮತ್ತದೇ ನೀರು. ಜೀವಗಳೆಲ್ಲ ಮುಗಿಯುವ ತನಕ ಬಿಡುಗಡೆಯಿಲ್ಲ.

ಕಾಗದದ ಒಗಟಿಗೆ ಬಂದರೆ ಸುತ್ತೇ ಉತ್ತರ. ಜಪಾನಿನ ನಿಕೋಲಿ ಪ್ರಕಾಶನದ ‘ಸ್ಲಿದರ್‌ಲಿಂಕ್’ನಲ್ಲಿ ರಂಗೋಲಿಯಂತೆ ಚುಕ್ಕೆಗಳು, ನಡುನಡುವೆ 0ಯಿಂದ 3ರವರೆಗಿನ ಅಂಕಿಗಳು. ಅಂಕಿ ಹೇಳಿದಷ್ಟು ಬದಿಗಳಿಗೆ ಗೆರೆ ಎಳೆಯುತ್ತ, ಎಲ್ಲೂ ಕವಲೊಡೆಯದ ಒಂದೇ ಒಂದು ಸುತ್ತು ಕಟ್ಟಬೇಕು. ಮೂಲೆಯ ಚೌಕದಲ್ಲಿ 3 ಕಂಡರೆ ಹೊರಮೂಲೆಯ ಎರಡೂ ಗೆರೆ ಖಚಿತ: ಆ ಚುಕ್ಕೆಗಿರುವುದೇ ಎರಡು ದಾರಿ, ಒಂದರಲ್ಲಿ ಬಂದ ಗೆರೆ ಇನ್ನೊಂದರಲ್ಲಿ ಹೋಗಲೇಬೇಕು. ಹೊಸಬರು ಆತುರಪಟ್ಟು ಸಣ್ಣ ಸುತ್ತೊಂದನ್ನು ಮುಚ್ಚಿಬಿಡುತ್ತಾರೆ, ಆಮೇಲೆ ರಬ್ಬರ್ ಹುಡುಕುತ್ತಾರೆ.

2019ರಲ್ಲಿ ‘ಔಟರ್ ವೈಲ್ಡ್ಸ್’ ಎಂಬ ವಿಡಿಯೋ ಗೇಮ್ ಬರುವ ಹೊತ್ತಿಗೆ ಯಂತ್ರಕ್ಕೆ ನೆನಪಿನ ಬಡತನ ತೀರಿತ್ತು. ಆದರೂ ಅದು ಬೇಕೆಂದೇ ಮರೆಯುತ್ತದೆ. 22 ನಿಮಿಷಕ್ಕೆ ಸೂರ್ಯ ಸಿಡಿಯುತ್ತಾನೆ. ಆಟಗಾರ ಶಿಬಿರದ ಬೆಂಕಿಯ ಪಕ್ಕ ಮತ್ತೆ ಕಣ್ಣು ಬಿಡುತ್ತಾನೆ. ಹೊಸ ಆಯುಧವಿಲ್ಲ, ಕೂಡಿಟ್ಟ ಅಂಕವಿಲ್ಲ. ಅಲ್ಲಿನ ಅವಳಿ ಗ್ರಹಗಳ ನಡುವೆ ಮರಳು ಸುರಿಯುತ್ತಲೇ ಇರುತ್ತದೆ: ಒಂದರ ಗುಹೆಗಳು ಹೂತುಹೋಗುತ್ತವೆ, ಇನ್ನೊಂದರಲ್ಲಿ ಹೂತಿದ್ದ ಕಟ್ಟಡಗಳು ತಲೆಯೆತ್ತುತ್ತವೆ. ಯಾವ ಜಾಗಕ್ಕೆ ಯಾವ ಹೊತ್ತಿನಲ್ಲಿ ಹೋಗಬೇಕೆಂಬುದನ್ನು ಸತ್ತು ಸತ್ತೇ ಕಲಿಯಬೇಕು. ಸುತ್ತು ದಾಟಿ ಉಳಿಯುವುದು ಆಟಗಾರನ ಗಗನನೌಕೆಯ ಟಿಪ್ಪಣಿ ಮತ್ತು ಆಟಗಾರನ ತಲೆಯೊಳಗಿದ್ದುದು, ಅಷ್ಟೇ. ಗುಟ್ಟು ಬಲ್ಲವರು ಒಂದೇ ಸುತ್ತಿನಲ್ಲಿ ಮುಗಿಸಿಬಿಡಬಹುದು. ಆದರೆ ಅಲ್ಲಿಗೆ ಆಟದ ಸ್ವಾರಸ್ಯವೇ ಹೋಯಿತು.

ಹಾಗಾಗಿ ಅದನ್ನು ಆಡಲು ಕೂರುವವರಲ್ಲಿ ಒಂದೇ ವಿನಂತಿ: ಮೊದಲೇ ಆಡಿ ಮುಗಿಸಿರುವ ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಡಿ.