ಕರೆಂಟಿನ ಕಸುಬು

ಎಲೆಕ್ಟ್ರಿಷಿಯನ್ ಆಗಲು ಕೋಲಾರ ಜಿಲ್ಲೆಯಲ್ಲಿ ಎರಡು ದಾರಿಗಳಿವೆ. ಒಂದು ಸರ್ಕಾರದ ದಾರಿ: ಎಸ್ಸೆಸ್ಸೆಲ್ಸಿ ಪಾಸಾಗಬೇಕು, ಎರಡು ವರ್ಷ ಐಟಿಐ ಓದಬೇಕು, ಆಮೇಲೆ ಯಾವುದಾದರೂ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿ ದುಡಿಯಬೇಕು. ಇನ್ನೊಂದು ಅಂಗಡಿಯ ದಾರಿ: ಮೋಟಾರು ವೈಂಡಿಂಗ್ ಮಾಡುವ ಮೇಸ್ತ್ರಿಯ ಕೈಕೆಳಗೆ ಹೆಲ್ಪರಾಗಿ ಸೇರಿ, ಟೀ ತರುವುದರಿಂದ ಶುರುಮಾಡಿ, ನಾಲ್ಕೈದು ವರ್ಷಕ್ಕೆ ತಾನೇ ಮೇಸ್ತ್ರಿ ಅನ್ನಿಸಿಕೊಳ್ಳುವುದು. ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದಂಥ ಹೆದ್ದಾರಿ ಪಕ್ಕದ ಊರುಗಳ ಹುಡುಗರು ಎರಡನ್ನೂ ಹಿಡಿಯುತ್ತಾರೆ. ಪಶ್ಚಿಮಕ್ಕೆ ಬಸ್ಸು ಹತ್ತಿದರೆ ಕೋಲಾರ, ಪೂರ್ವಕ್ಕೆ ಹತ್ತಿದರೆ ಮುಳಬಾಗಿಲು. ಎರಡು ಕಡೆಯೂ ಕಾಲೇಜೂ ಇದೆ, ವೈಂಡಿಂಗ್ ಅಂಗಡಿಯೂ ಇದೆ. ಆದರೆ ಈ ಎರಡು ದಾರಿಗಳು ಮುಂದೆಲ್ಲೋ ಕೂಡುತ್ತವೆಂದು ನಂಬಿ ಹೊರಟವರಿಗೆ ಅಂಥ ಕೂಡುರಸ್ತೆ ಸುಲಭವಾಗಿ ಸಿಗುವುದಿಲ್ಲ.

ಕಸುಬಿಗೆ ಈ ಜಿಲ್ಲೆಯಲ್ಲಿ ನೂರಿಪ್ಪತ್ತು ವರ್ಷ ದಾಟಿದ ವಯಸ್ಸಿದೆ. ದೇವರಾಯಸಮುದ್ರದ ದಕ್ಷಿಣಕ್ಕಿರುವ ಕೋಲಾರ ಚಿನ್ನದ ಗಣಿಗಳಿಗೆ 1902ರ ಜೂನ್ 30ರಂದು ಶಿವನಸಮುದ್ರದ ಜಲವಿದ್ಯುತ್ ಕೇಂದ್ರದಿಂದ ವಿದ್ಯುತ್ ಹರಿಯಿತು. ಅಲ್ಲಿಯವರೆಗೆ ಗಣಿಯ ಯಂತ್ರಗಳು ಓಡುತ್ತಿದ್ದದ್ದು ಸೌದೆ, ಕಲ್ಲಿದ್ದಲು ಸುಟ್ಟು ಎಬ್ಬಿಸಿದ ಹಬೆಯಿಂದ. ಯೋಜನೆಯ ನಕ್ಷೆ ಹಾಕಿದವರು ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ರಾಯಲ್ ಎಂಜಿನಿಯರ್ಸ್ ಅಧಿಕಾರಿ ಜೋಲಿ ಡಿ ಲಾಟ್ಬಿನಿಯರ್. ಹಟ ಹಿಡಿದು ಮಾಡಿಸಿದವರು ದಿವಾನ್ ಕೆ. ಶೇಷಾದ್ರಿ ಅಯ್ಯರ್. ದೀಪ ಹೊತ್ತುವ ಹೊತ್ತಿಗೆ ದಿವಾನರು ಇರಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು. ನೀರು ತಿರುಗಿಸುವ ಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯವು, ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ಕಿನವು. ತಂತಿಯ ಉದ್ದ 92 ಮೈಲಿ. ಆ ಕಾಲಕ್ಕೆ ಜಗತ್ತಿನಲ್ಲೇ ಅಂಥ ಉದ್ದದ ಲೈನುಗಳು ಬೆರಳೆಣಿಕೆಯಷ್ಟಿದ್ದವು. ಬೆಂಗಳೂರಿನ ಬೀದಿಗೆ ಕರೆಂಟು ದೀಪ ಬಂದದ್ದು ಮೂರು ವರ್ಷ ತಡವಾಗಿ, 1905ರ ಆಗಸ್ಟಿನಲ್ಲಿ. ಈ ಒಂದು ವಿಷಯದಲ್ಲಿ ರಾಜಧಾನಿ ಕೋಲಾರದ ಹಿಂದೆ ನಿಲ್ಲಬೇಕಾಯಿತು ಎಂಬುದನ್ನು ಜಿಲ್ಲೆಯವರು ಇನ್ನೂ ಜೋರಾಗಿ ಹೇಳಿಕೊಳ್ಳದಿರುವುದು ಅವರ ಸೌಜನ್ಯ.

ಆಗಿನ ಕರೆಂಟು ಸೆಕೆಂಡಿಗೆ 25 ಸೈಕಲ್ಲಿನದು, ಈಗಿನದು 50. ಗಣಿಯಲ್ಲಿ ಆಳದಿಂದ ಜನರನ್ನೂ ಅದಿರನ್ನೂ ಎತ್ತುವ ಹಾಯ್ಸ್ಟ್, ಗಾಳಿ ಒತ್ತುವ ಕಂಪ್ರೆಸರ್, ಕಲ್ಲು ಕುಟ್ಟುವ ಗಿರಣಿ ಎಲ್ಲವೂ ಮೋಟಾರಿಗೆ ಬದಲಾದಾಗ, ಅವನ್ನು ನೋಡಿಕೊಳ್ಳುವ ಕೈಗಳು ಬೇಕಾದವು. ಬಾಯಿಪಾಠದಿಂದ ಬರುವ ವಿದ್ಯೆ ಇದಾಗಿರಲಿಲ್ಲ. ಹಳಬನ ಪಕ್ಕ ಹೊಸಬ ನಿಂತು, ಕಣ್ಣಿಂದ ಕಲಿತು, ಕೈಯಿಂದ ತಿದ್ದಿಕೊಂಡದ್ದೇ ಅದರ ಶಿಕ್ಷಣ. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. 1964ರಲ್ಲಿ ಹುಟ್ಟಿದ ಬಿಇಎಂಎಲ್ ಕಂಪನಿಯ ಕಾರ್ಖಾನೆ ಮಾತ್ರ ಗಣಿಯ ಪಟ್ಟಣದಲ್ಲೇ ಉಳಿದು, ಐಟಿಐ ಮುಗಿಸಿದ ಹುಡುಗರಿಗೆ ಹತ್ತಿರದ ಕನಸಾಗಿ ನಿಂತಿದೆ.

ಗಣಿಗೆ ಬಂದ ಬೇಗದಲ್ಲಿ ಕರೆಂಟು ಹಳ್ಳಿಗೆ ಬರಲಿಲ್ಲ. 1957ರಲ್ಲಿ ಮೈಸೂರು ರಾಜ್ಯ ವಿದ್ಯುತ್ ಮಂಡಳಿ ಆದ ಮೇಲೆ ಕಂಬಗಳು ಊರೂರಿಗೆ ನಡೆದು ಬಂದವು. ಅವುಗಳ ಹಿಂದೆಯೇ ವೈರ್‌ಮನ್ ಬಂದ. ಈ ಲೇಖಕ ಹುಡುಗನಾಗಿದ್ದಾಗ ಕಂಡ ವೈರಿಂಗ್ ತೇಗದ ಪಟ್ಟಿಯ ಮೇಲಿನದು. ವೈರ್‌ಮನ್ ಸೀಮೆಸುಣ್ಣ ಬಳಿದ ದಾರವನ್ನು ಗೋಡೆಯ ಆ ತುದಿಯಿಂದ ಈ ತುದಿಗೆ ಬಿಗಿದು, ನಡುವೆ ಎಳೆದು ಬಿಡುತ್ತಿದ್ದ. ಗೋಡೆಯ ಮೇಲೆ ನೇರ ಗೆರೆ ಬೀಳುತ್ತಿತ್ತು. ಗೆರೆಯ ಮೇಲೆ ಮರದ ಪಟ್ಟಿ, ಪಟ್ಟಿಯ ಮೇಲೆ ತಗಡಿನ ಕ್ಲಿಪ್ಪು, ಕ್ಲಿಪ್ಪಿನೊಳಗೆ ಜೋಡಿ ವೈರು, ತುದಿಗೆ ಕರೀ ಗುಂಡು ಸ್ವಿಚ್ಚು. ಜೊತೆಗಿದ್ದ ಹುಡುಗನ ಕೆಲಸ ಕ್ಲಿಪ್ಪಿಗೆ ಮೊಳೆ ಹೊಡೆಯುವುದು ಮತ್ತು ಏಣಿ ಹಿಡಿಯುವುದು. ಅವನ ಅಪ್ರೆಂಟಿಸ್‌ಗಿರಿಗೆ ಕರಾರೂ ಇಲ್ಲ, ಅವಧಿಯೂ ಇಲ್ಲ. ಈಗ ಪಟ್ಟಿ ಹೋಗಿ, ಗೋಡೆ ಕೊರೆದು ಪಿವಿಸಿ ಪೈಪು ಕೂರಿಸುವ ಕಾಲ. ಹೊಸ ವೈರಿಂಗ್ ನೋಡಲು ಚೆಂದ, ಆದರೆ ಏನಾಗಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಪಟ್ಟಿಯ ಮನೆಯಲ್ಲಿ ಕಲಿಯುವವನಿಗೆ ಇಡೀ ಸರ್ಕ್ಯೂಟು ಗೋಡೆಯ ಮೇಲೆ ಬಿಡಿಸಿಟ್ಟ ಚಿತ್ರದಂತೆ ಎದುರಿಗಿರುತ್ತಿತ್ತು.

ಜಿಲ್ಲೆಯಲ್ಲಿ ಕಸುಬಿನ ನಿಜವಾದ ಶಾಲೆ ಮನೆಯ ವೈರಿಂಗಲ್ಲ, ಬೋರ್‌ವೆಲ್. ವರ್ಷವಿಡೀ ಹರಿಯುವ ನದಿ ಕೋಲಾರಕ್ಕಿಲ್ಲ. ಕೆರೆ ಒಣಗಿದಾಗ ಬಾವಿ, ಬಾವಿ ಒಣಗಿದಾಗ ಬೋರು, ಬೋರು ಸಾವಿರ ಅಡಿ ದಾಟಿದಾಗ ಇನ್ನೂ ದೊಡ್ಡ ಮೋಟಾರು. ಟೊಮೆಟೊ, ಹಿಪ್ಪುನೇರಳೆ, ಹಸುವಿನ ಮೇವು ಎಲ್ಲದರ ಬುಡದಲ್ಲಿ ಒಂದು ಸಬ್‌ಮರ್ಸಿಬಲ್ ಮುಳುಗಿ ಕೂತಿರುತ್ತದೆ. ಅದು ಸುಡುವುದಕ್ಕೆ ಕಾರಣಗಳು ಬೇಕಾದಷ್ಟು. ವೋಲ್ಟೇಜು ಬಿದ್ದರೆ ಮೋಟಾರು ಹೆಚ್ಚು ಆಂಪಿಯರ್ ಎಳೆದು ಕಾಯುತ್ತದೆ. ಮೂರು ಫೇಸಿನಲ್ಲಿ ಒಂದು ಹೋದರೆ ಉಳಿದೆರಡರ ಮೇಲೆ ಭಾರ ಬಿದ್ದು ಕಾಯಿಲು ಕರಕಾಗುತ್ತದೆ. ನೀರು ಬತ್ತಿ ಬರಿದೇ ತಿರುಗಿದರೂ ಕಷ್ಟವೇ. ರಾತ್ರಿ ಯಾವಾಗಲೋ ಬರುವ ಕರೆಂಟಿಗೆ ಎದ್ದು ಹೋಗುವುದು ತಪ್ಪಲೆಂದು ರೈತರು ಆಟೋ ಸ್ಟಾರ್ಟರ್ ಹಾಕುತ್ತಾರೆ; ಕರೆಂಟು ಬಂದ ಗಳಿಗೆಯಲ್ಲೇ ಸುತ್ತಲಿನ ಮೋಟಾರುಗಳೆಲ್ಲ ಒಟ್ಟಿಗೆ ಎದ್ದರೆ ಟ್ರಾನ್ಸ್‌ಫಾರ್ಮರು, ಅಂದರೆ ಟಿ.ಸಿ.ಯೇ ಕೂರುತ್ತದೆ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ. ಸುಟ್ಟ ಮೋಟಾರು ಪುಕ್ಕಟೆ ರಿಪೇರಿಯಾಗುವುದಿಲ್ಲ.

ಹಾಗಾಗಿ ಬೇಸಿಗೆಯೆಂದರೆ ವೈಂಡಿಂಗ್ ಅಂಗಡಿಯ ಸುಗ್ಗಿ. ಬೋರಿನಿಂದ ಮೇಲೆತ್ತಿದ ಮೋಟಾರನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದವರು, ‘ಅಣ್ಣಾ, ಗಿಡ ಒಣಗ್ತಾ ಅವೆ, ಸಾಯಂಕಾಲಕ್ಕೆ ಆಗ್ತದಾ?’ ಎಂದು ಬಾಗಿಲಲ್ಲೇ ಕೂರುತ್ತಾರೆ. ಮೇಸ್ತ್ರಿ ತಲೆ ಎತ್ತದೆ, ‘ನಾಳೆ ಬಾ ಸ್ವಾಮಿ’ ಅನ್ನುತ್ತಾನೆ. ಇಬ್ಬರಿಗೂ ಗೊತ್ತು, ಕೆಲಸ ಮುಗಿಯುವುದು ನಾಡಿದ್ದು.

ಇಲ್ಲಿ ಕಲಿಕೆಗೆ ಒಂದು ಕ್ರಮವಿದೆ, ಬರೆದಿಟ್ಟವರಿಲ್ಲ. ಹೊಸ ಹುಡುಗನ ಮೊದಲ ಕೆಲಸ ಸುಟ್ಟ ತಾಮ್ರ ಕೀಳುವುದು. ಉಳಿ ಹಿಡಿದು ಕಾಯಿಲಿನ ತಲೆ ಕತ್ತರಿಸಿ, ಸ್ಲಾಟುಗಳಿಂದ ತಂತಿ ಎಳೆದು ಹಾಕುವುದರಲ್ಲಿ ಕೈ ಕಪ್ಪಾಗುತ್ತದೆ, ಉಗುರು ಸೀಳುತ್ತದೆ. ಎರಡನೆಯದು ಎಣಿಕೆ: ಎಷ್ಟು ಸ್ಲಾಟು, ಸ್ಲಾಟಿಗೆ ಎಷ್ಟು ಸುತ್ತು, ಎಷ್ಟು ಗೇಜಿನ ತಂತಿ, ಒಂದು ಕಾಯಿಲಿನ ಎರಡು ಬದಿಯ ನಡುವೆ ಎಷ್ಟು ಸ್ಲಾಟಿನ ಅಂತರ. ಕೀಳುವ ಮೊದಲೇ ಇದನ್ನು ಬರೆದುಕೊಳ್ಳದಿದ್ದರೆ ಆ ಮೋಟಾರು ಕೆಟ್ಟಿತೆಂದೇ ಲೆಕ್ಕ. ಈ ಲೆಕ್ಕಗಳ ಹಳೆಯ ನೋಟ್‌ಬುಕ್ಕು ಮೇಸ್ತ್ರಿಯ ಡ್ರಾಯರಿನಲ್ಲಿರುತ್ತದೆ, ಅದರ ಬೀಗದ ಕೈ ಮೇಸ್ತ್ರಿಯ ಉಡಿದಾರದಲ್ಲಿ. ಮೂರನೆಯದು ಸ್ಲಾಟಿಗೆ ಇನ್ಸುಲೇಷನ್ ಕಾಗದ ಮಡಿಚಿ ಕೂರಿಸುವುದು. ಕಾಯಿಲು ಸುತ್ತಿ ಇಳಿಸುವ ಕೆಲಸ ಆಮೇಲೆ ಬರುತ್ತದೆ. ಬಾವಿಯ ದಡದಲ್ಲಿ ಕೂರುವ ಮಾನೋಬ್ಲಾಕ್ ಪಂಪಿಗೆ ಎನಾಮೆಲ್ ಬಳಿದ ತಂತಿ ಸಾಕು, ಮೇಲೆ ವಾರ್ನಿಷ್ ಹೊಯ್ದು ಒಣಗಿಸುತ್ತಾರೆ. ಒಳಗೆ ನೀರು ತುಂಬಿಕೊಂಡೇ ಓಡುವ ಸಬ್‌ಮರ್ಸಿಬಲ್ಲಿಗೆ ಪ್ಲಾಸ್ಟಿಕ್ ಹೊದಿಕೆಯ ತಂತಿಯೇ ಬೇಕು. ಹೊದಿಕೆ ಎಲ್ಲಾದರೂ ತರಚಿದರೆ ನೀರಿಗಿಳಿದ ದಿನವೇ ಅರ್ತ್ ಆಗುತ್ತದೆ. ಕೊನೆಯ ಪಾಠ ಕನೆಕ್ಷನ್. ಆರು ತುದಿಗಳಲ್ಲಿ ಯಾವುದು ಯಾವುದಕ್ಕೆ ಎಂಬುದನ್ನು ಟೆಸ್ಟ್ ಲ್ಯಾಂಪಿನಿಂದ ಹುಡುಕಿ, ಮೆಗ್ಗರಿನಿಂದ ಇನ್ಸುಲೇಷನ್ ನೋಡಿ, ಸ್ಟಾರ್ ಅಥವಾ ಡೆಲ್ಟಾ ಕಟ್ಟಬೇಕು. ಬೋರಿಗೆ ಇಳಿಸಿದ ಮೇಲೆ ನೀರು ಸಣ್ಣಗೆ ಬಂದರೆ ಮೋಟಾರು ಉಲ್ಟಾ ತಿರುಗುತ್ತಿದೆ ಎಂದು ಅನುಮಾನಿಸಿ, ಸ್ಟಾರ್ಟರಿನಲ್ಲಿ ಎರಡು ಫೇಸು ಅದಲು ಬದಲು ಮಾಡಬೇಕು. ಇಷ್ಟು ಬಂದ ಹುಡುಗನನ್ನು ಊರಿನವರು ‘ಮೇಸ್ತ್ರಿ’ ಎಂದೇ ಕರೆಯುತ್ತಾರೆ. ಸರ್ಕಾರದ ಕಡತದಲ್ಲಿ ಅವನಿಗೆ ಹೆಸರಿಲ್ಲ.

ಐಟಿಐ ಹುಡುಗನ ದಾರಿ ಬೇರೆ. ಎಲೆಕ್ಟ್ರಿಷಿಯನ್ ಟ್ರೇಡಿಗೆ ಸೇರಿದವನು ಮೊದಲು ಅರ ಹಿಡಿದು ಕಬ್ಬಿಣ ಉಜ್ಜುತ್ತಾನೆ, ಹ್ಯಾಕ್ಸಾ ಹಿಡಿಯುತ್ತಾನೆ. ಕರೆಂಟು ಕಲಿಯಲು ಬಂದವನಿಗೆ ಕಬ್ಬಿಣ ಏಕೆ ಎಂದು ಮನೆಯವರು ಕೇಳುವುದುಂಟು. ಅಳತೆಗೆ ಕೈ ಒಗ್ಗಲು ಅದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ. ಆಮೇಲೆ ತಂತಿಯ ಗಂಟುಗಳು: ಬ್ರಿಟಾನಿಯಾ, ಮ್ಯಾರೀಡ್, ವೆಸ್ಟರ್ನ್ ಯೂನಿಯನ್, ಇಲಿಬಾಲದ ಗಂಟು. ಆಮೇಲೆ ಓಮನ ನಿಯಮ, ಟ್ರಾನ್ಸ್‌ಫಾರ್ಮರು, ಇದ್ದಲೂ ಉಪ್ಪೂ ಹಾಕಿ ಅರ್ತ್ ಗುಂಡಿ ಮಾಡುವ ರೀತಿ. ಏಕೆ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಇಲ್ಲಿಯೇ. ವೈಂಡಿಂಗ್ ಅಂಗಡಿ ಹೇಗೆ ಎಂಬುದನ್ನಷ್ಟೇ ಹೇಳುತ್ತದೆ. ಆದರೆ ಒಂದು ಮೋಟಾರಿನ ಸುತ್ತ ಇಡೀ ಬ್ಯಾಚು ನಿಂತರೆ ಎಷ್ಟು ಜನರ ಕೈ ಅದನ್ನು ಮುಟ್ಟೀತು? ಆ ಕೊರತೆ ತುಂಬಲೆಂದೇ ಅಪ್ರೆಂಟಿಸ್ ಕಾಯ್ದೆ ಇದೆ.

ಕಾಯ್ದೆ 1961ರದು. ಅದರ ಪ್ರಕಾರ ಅಪ್ರೆಂಟಿಸ್ ಎಂದರೆ ಕಲಿಯುವವನು, ಕಾರ್ಮಿಕನಲ್ಲ. ಮಾಲೀಕನಿಗೂ ಅವನಿಗೂ ಕರಾರಾಗಬೇಕು, ಅದು ನೋಂದಣಿಯಾಗಬೇಕು. ಐಟಿಐ ಮುಗಿಸಿದ ಎಲೆಕ್ಟ್ರಿಷಿಯನ್ನಿಗೆ ಸಾಮಾನ್ಯವಾಗಿ ಒಂದು ವರ್ಷದ ಅವಧಿ. ಕೊನೆಯಲ್ಲಿ ಪರೀಕ್ಷೆ, ಪಾಸಾದರೆ ರಾಷ್ಟ್ರೀಯ ಅಪ್ರೆಂಟಿಸ್‌ಷಿಪ್ ಪ್ರಮಾಣಪತ್ರ. 2019ರ ನಿಯಮಗಳು ಇಂಥವನಿಗೆ ತಿಂಗಳಿಗೆ ಕನಿಷ್ಠ 7,000 ರೂಪಾಯಿ ಸ್ಟೈಪೆಂಡ್ ಗೊತ್ತುಮಾಡಿದವು. 30 ಅಥವಾ ಹೆಚ್ಚು ಜನ ದುಡಿಯುವ ಕಡೆ ಅಪ್ರೆಂಟಿಸರನ್ನು ತೆಗೆದುಕೊಳ್ಳುವುದು ಕಡ್ಡಾಯ, 4ರಿಂದ 29 ಜನರಿದ್ದರೆ ಮಾಲೀಕನ ಇಷ್ಟ. ಒಬ್ಬ ಮೇಸ್ತ್ರಿ, ಇಬ್ಬರು ಹುಡುಗರಿರುವ ವೈಂಡಿಂಗ್ ಅಂಗಡಿ ಈ ಲೆಕ್ಕದೊಳಗೆ ಬರುವುದೇ ಇಲ್ಲ. ಜಿಲ್ಲೆಯಲ್ಲಿ ಮೋಟಾರಿನ ವಿದ್ಯೆ ಹೆಚ್ಚಾಗಿ ಕೈದಾಟುವ ಜಾಗವನ್ನೇ ಕಾಯ್ದೆ ಹೊರಗಿಟ್ಟಿದೆ.

ಕಾಯ್ದೆಯ ಒಳಗಿರುವವು ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳು. ಬೆಳಗಿನ ಜಾವ ಹೆದ್ದಾರಿಯಲ್ಲಿ ಕಂಪನಿ ಬಸ್ಸಿಗೆ ಕಾಯುವ ಹುಡುಗರು ಆ ಕಡೆ ಹೋಗುವವರು. ಅಲ್ಲಿ ಕಲಿಯಲು ಬೇಕಾದಷ್ಟಿದೆ: ಪ್ಯಾನೆಲ್ ಬೋರ್ಡು, ಸೆನ್ಸರು, ಯಂತ್ರ ನಡೆಸುವ ಪಿಎಲ್‌ಸಿ, ಯಂತ್ರ ನಿಲ್ಲಿಸಿ ಬೀಗ ಹಾಕಿ ಚೀಟಿ ತೂಗಿಸಿದ ಮೇಲೆಯೇ ಕೈ ಹಾಕುವ ಶಿಸ್ತು. ಕಲಿಸುವವರಿದ್ದರೆ ಒಂದು ವರ್ಷ ಬಂಗಾರ. ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಅಪ್ರೆಂಟಿಸ್ ಎಂದು ಬರೆಸಿಕೊಂಡವನು ವರ್ಷವಿಡೀ ಪ್ಯಾಕಿಂಗ್ ಬೆಂಚಿನಲ್ಲಿ ನಿಂತು ಬರುತ್ತಾನೆ. ಈ ಲೇಖಕನಿಗೆ ಅಂಥ ಹುಡುಗರ ಪರಿಚಯವಿದೆ. ಅವರ ಪ್ರಮಾಣಪತ್ರದ ಮುದ್ರೆಗಳು ಸರಿಯಾಗಿಯೇ ಇದ್ದವು.

ಕಲಿತ ಮೇಲೆ ಉಳಿಯುವುದು ಪರ್ಮಿಟ್. ಕರ್ನಾಟಕದಲ್ಲಿ ವೈರ್‌ಮನ್ ಪರ್ಮಿಟ್, ಸೂಪರ್‌ವೈಸರ್ ಪರ್ಮಿಟ್, ಗುತ್ತಿಗೆದಾರರ ಲೈಸೆನ್ಸುಗಳನ್ನು ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಮನೆಗೆ ಮೀಟರು ಬೇಕೆಂದರೆ ಲೈಸೆನ್ಸ್ ಇರುವ ಗುತ್ತಿಗೆದಾರ ವೈರಿಂಗ್ ಸರಿಯಿದೆ ಎಂದು ಬರೆದು ರುಜು ಹಾಕಬೇಕು. ಹಲವು ಕಡೆ ನಡೆಯುವುದೇನೆಂದರೆ, ವೈರಿಂಗ್ ಮಾಡುವವನು ಒಬ್ಬ, ರುಜು ಹಾಕುವವನು ಇನ್ನೊಬ್ಬ. ಎರಡನೆಯವನು ಮನೆಯ ಬಾಗಿಲನ್ನೂ ನೋಡಿರುವುದಿಲ್ಲ.

ಕಂಬದ ಕೆಲಸ ಇದರಿಂದ ಪ್ರತ್ಯೇಕ. ಅದು 2002ರಿಂದ ವಿದ್ಯುತ್ ಸರಬರಾಜು ಕಂಪನಿ ಬೆಸ್ಕಾಂ ವ್ಯಾಪ್ತಿಯದು. ಹಿಂದೆ ಲೈನ್‌ಮನ್ ಎನ್ನಿಸಿಕೊಂಡವನು ಈಗ ಪವರ್‌ಮ್ಯಾನ್. ಎಸ್ಸೆಸ್ಸೆಲ್ಸಿ ಅಂಕಗಳ ಜೊತೆಗೆ ಅವನು 8 ಮೀಟರ್ ಕಂಬ ಹತ್ತಿ ತೋರಿಸಬೇಕು. ಅವನ ಮೊದಲ ಪಾಠ ಲೈನ್ ಕ್ಲಿಯರ್: ಸ್ಟೇಷನ್ನಿನಿಂದ ಲೈನು ಬಂದ್ ಮಾಡಿಸಿ, ಒಪ್ಪಿಗೆ ಪಡೆದು, ಕರೆಂಟಿಲ್ಲವೆಂದು ಪರೀಕ್ಷಿಸಿ, ಅರ್ತ್ ರಾಡ್ ತಗುಲಿಸಿ, ಆಮೇಲೆ ಮುಟ್ಟುವುದು. ಟಿ.ಸಿ.ಯ ಮೇಲ್ಬದಿಗೆ ಬರುವುದು 11,000 ವೋಲ್ಟ್. ಹೊಲದ ಮಧ್ಯೆ ಫ್ಯೂಸು ಹೋದಾಗ ಪವರ್‌ಮ್ಯಾನ್ ಬರುವವರೆಗೆ ಕಾಯದೆ ರೈತನೋ, ವೈಂಡಿಂಗ್ ಅಂಗಡಿಯ ಹುಡುಗನೋ ಟಿ.ಸಿ.ಗೆ ಕೈ ಹಾಕುವುದುಂಟು. ಈ ಕಸುಬಿನ ಅತಿ ಕೆಟ್ಟ ಸುದ್ದಿಗಳು ಬರುವುದು ಅಲ್ಲಿಂದಲೇ. ಮೋಟಾರು ಬಲ್ಲವನಿಗೆ ಲೈನ್ ಕ್ಲಿಯರ್ ಗೊತ್ತಿರಬೇಕೆಂದೇನಿಲ್ಲ, ಯಾರೂ ಅದನ್ನು ಅವನಿಗೆ ಹೇಳಿಕೊಟ್ಟಿರುವುದಿಲ್ಲ.

ಕೈ ಇದ್ದೂ ಕಾಗದ ಇಲ್ಲದವರಿಗೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಅನುಭವದ ಆಧಾರದ ಮೇಲೆ ಖಾಸಗಿ ಅಭ್ಯರ್ಥಿಯಾಗಿ ಐಟಿಐ ಟ್ರೇಡ್ ಪರೀಕ್ಷೆಗೆ ಕೂರಲು ಅವಕಾಶವಿದೆ. ಮೊದಲೇ ಕಲಿತ ವಿದ್ಯೆಯನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಕೇಂದ್ರ ಸರ್ಕಾರದ ಏರ್ಪಾಡೂ ಇದೆ. ವೈಂಡಿಂಗ್ ಅಂಗಡಿಯಲ್ಲಿ ಹುಡುಗನನ್ನು ಇಟ್ಟುಕೊಂಡ ಮೇಸ್ತ್ರಿಗಳು ಅವನಿಗೆ ಇದನ್ನು ತಿಳಿಸಲಿ, ಅರ್ಜಿ ತುಂಬಲು ಒಂದು ದಿನ ರಜೆಯನ್ನೂ ಕೊಡಲಿ, ಆದರೆ ಬೇಸಿಗೆ ಕಳೆದ ಮೇಲೆ.